ಹಸಿರು ಸೀರೆಗಳೆಲ್ಲ ಕೆಂಪಾದದ್ದು

ಕೊಳ್ಳೇಗಾಲದ ಬಸ್ ಸ್ಟ್ಯಾಂಡಿನ ಹತ್ತಿರ, ಒಂದು ಬೇಕರಿಯ ಮೇಲಿನ ಕೋಣೆಯಲ್ಲಿ ನಾನು ಪ್ರೋಗ್ರಾಮಿಂಗ್ ಕಲಿತೆ. ಕೆಳಗೆ ಬನ್ನು ಬೇಯುತ್ತಿದ್ದರೆ ಮೇಲೆ ನಮ್ಮ ತಲೆ ಬೇಯುತ್ತಿತ್ತು. ಮೇಷ್ಟ್ರು ಯಳಂದೂರಿನಿಂದ ಬರುತ್ತಿದ್ದರು. ನನ್ನ ಪಕ್ಕದ ಕುರ್ಚಿಯವಳು ಹನೂರು ಕಡೆಯ ಬೇಸಾಯದ ಮನೆಯ ಹುಡುಗಿ. ಅವಳ ಬಸ್ಸು ಕಾಮಗೆರೆಯಲ್ಲಿ ನಿಂತು, ಜನ ತುಂಬಿಸಿಕೊಂಡು ಬರುವ ಹೊತ್ತಿಗೆ ಪಾಠ ಅರ್ಧ ಮುಗಿದಿರುತ್ತಿತ್ತು. ಆ ಅರ್ಧವನ್ನು ನಾನೇ ಹೇಳಿಕೊಡುತ್ತಿದ್ದೆ. ಆಗ ನನಗೆ ಅವಳ ಮೇಲೆ ಬಲು ಪ್ರೀತಿ.

ಮೇಷ್ಟ್ರು ಕ್ಲಾಸು, ಆಬ್ಜೆಕ್ಟು ಎಂದು ಬೋರ್ಡಿನ ಮೇಲೆ ಚೌಕ ಬರೆದ ದಿನ ಎಲ್ಲರೂ ಮಿಕಮಿಕ ನೋಡುತ್ತಿದ್ದರು. ನನಗೆ ಮಾತ್ರ ತಟ್ಟನೆ ಹೊಳೆಯಿತು. ನಮ್ಮದು ರೇಷ್ಮೆ ಸೀರೆ ನೇಯುವ ಮನೆ. ಸೀರೆ ಎಂದಮೇಲೆ ಅಂಚಿರಬೇಕು, ಸೆರಗಿರಬೇಕು ಎಂದು ಅಪ್ಪನ ತಲೆಯಲ್ಲಿರುವ ನಮೂನೆ ಕ್ಲಾಸು. ಮಗ್ಗದಿಂದ ಕತ್ತರಿಸಿ ಮಡಿಚಿಟ್ಟದ್ದು ಆಬ್ಜೆಕ್ಟು. ಮೇಷ್ಟ್ರು ನನ್ನನ್ನೇ ಎಬ್ಬಿಸಿ ಅದನ್ನು ಎಲ್ಲರಿಗೂ ಹೇಳಿಸಿದರು. ಹನೂರಿನವಳು ಬಾಯಿಬಿಟ್ಟುಕೊಂಡು ಕೇಳಿದಳು.

ಕೋರ್ಸು ಮುಗಿಯುವ ಹೊತ್ತಿಗೆ ಒಬ್ಬ ಸೀರೆ ಅಂಗಡಿಯ ಸಾಹುಕಾರರು, ಬಂದ ಸೀರೆಗಳನ್ನು ದಾಖಲು ಮಾಡಿಕೊಳ್ಳಲು ತಮ್ಮ ಕಂಪ್ಯೂಟರಿಗೆ ಒಂದು ಡೆಸ್ಕ್‌ಟಾಪ್ ಅಪ್ಲಿಕೇಶನ್ ಬೇಕೆಂದು ಮೇಷ್ಟ್ರನ್ನು ಕೇಳಿದರು. ಎಲ್ಲರೂ ಮಾಡಿ, ಚೆನ್ನಾಗಿರುವುದನ್ನು ಅಂಗಡಿಗೆ ಹಾಕೋಣ ಎಂದರು ಮೇಷ್ಟ್ರು. ಅಪ್ಪ ನೇಯುತ್ತಿದ್ದದ್ದು ಅದೇ ಅಂಗಡಿಗೆ. ಸೀರೆ ಕೊಡಲು ಹೋದ ಅಪ್ಪ ಅಲ್ಲಿ ನನ್ನ ಕೈಯ ಕೆಲಸ ನೋಡಬೇಕು. ಆಸೆ ಇಷ್ಟೇ. ಆದರೆ ರಾಗಿ ಮುದ್ದೆ ನುಂಗುವಾಗಲೂ ನನಗೆ ಅದೇ ಧ್ಯಾನ.

ಹನೂರಿನವಳು ಒಂದು ದಿನ, ಸೀರೆ ಉಟ್ಟು ಗೊತ್ತೇ ಹೊರತು ನೇಯುವುದು ನೋಡಿಲ್ಲ, ನಿಮ್ಮನೆಗೆ ಬರಲಾ ಎಂದಳು. ಕರೆದುಕೊಂಡು ಹೋದೆ. ನಾನು ಟೀ ಕಾಯಿಸುತ್ತಿದ್ದರೆ ಅವಳು ಮಗ್ಗದ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತು, "ಅಪ್ಪಾಜಿ, ಇದೇನು? ಅಪ್ಪಾಜಿ, ಅದ್ಯಾಕಂಗೆ?" ಎಂದು ಒಂದೇ ಸಮ ಕೇಳುತ್ತಿದ್ದಳು. ನಮ್ಮಪ್ಪ ಮನೆಯಲ್ಲಿ ಮಾತನ್ನು ಉಪ್ಪಿನ ಹಾಗೆ ಚಿಟಿಕೆ ಚಿಟಿಕೆ ಬಳಸುವವರು. ಅವತ್ತು ಲಾಳಿ ಕೆಳಗಿಟ್ಟು, ಉದ್ದಕ್ಕೆ ಕಟ್ಟಿದ ಹಾಸಿನ ನೂಲನ್ನು ಬೆರಳಲ್ಲಿ ಎತ್ತಿ ತೋರಿಸುತ್ತ ಕಥೆಯನ್ನೇ ಹೇಳಿದರು. ಟೀ ಆರಿತು. ಇವಳಿಗೇಕೆ ನಮ್ಮಪ್ಪ ಅಪ್ಪಾಜಿ ಆಗಬೇಕು ಎಂದುಕೊಂಡೆ.

ಸಾಹುಕಾರರ ಮುಂದೆ ತೋರಿಸುವ ದಿನ ನನ್ನದೇ ಮೊದಲು. ಪರದೆಯ ಮೇಲೆ ಅಚ್ಚುಕಟ್ಟಾದ ಕಿಟಕಿ, ಗುಂಡಗಿನ ಬಟನ್ನು. ಅಪ್ಪ ನೇಯ್ದ ಹಸಿರು ಹಾಸಿನ ಸೀರೆಗಳನ್ನು ಒಂದಾದ ಮೇಲೊಂದು ಸೇರಿಸಿದೆ. ಎಲ್ಲರೂ ತಲೆದೂಗಿದರು. ಆಮೇಲೆ ಸಾಹುಕಾರರು ಬೇರೊಬ್ಬರ ಮಗ್ಗದಿಂದ ಬಂದ ಕೆಂಪು ಹಾಸಿನ ಸೀರೆಯೊಂದನ್ನು ಸೇರಿಸು ಎಂದರು. ಸೇರಿಸಿದೆ. ಮೇಲಿಂದ ಕೆಳಗಿನವರೆಗೆ ಅಷ್ಟೂ ಸೀರೆಗಳ ಹಾಸು ಕೆಂಪಾಗಿ ಕೂತಿತು.

ಸಾಹುಕಾರರು ಕನ್ನಡಕ ಮೇಲೇರಿಸಿದರು. "ಏನವ್ವ, ನನ್ನ ಅಸ್ರು ಸೀರೆನೆಲ್ಲ ಬಣ್ಣದ ಅಂಡೆಗೆ ಅದ್ಬುಟ್ಟೆಯಾ?"

ಆಗಿದ್ದು ಇಷ್ಟು. ನಮ್ಮ ಮನೆಯಲ್ಲಿರುವುದು ಒಂದೇ ಮಗ್ಗ. ಅದಕ್ಕೆ ಒಮ್ಮೆ ಹಾಸು ಕಟ್ಟಿದರೆ ಅದು ಮುಗಿಯುವ ತನಕ ಬರುವ ಸೀರೆಗಳೆಲ್ಲ ಆ ಹಾಸಿನವೇ. ಹಾಸಿನ ಬಣ್ಣ ಮಗ್ಗಕ್ಕೆ ಸೇರಿದ್ದು, ಸೀರೆಗಲ್ಲ ಎಂದೇ ನಾನು ಹುಟ್ಟಿದಾಗಿನಿಂದ ನೋಡಿದ್ದು. ಹಾಗಾಗಿ ಅದನ್ನು ಎಲ್ಲ ಸೀರೆಗೂ ಸೇರಿ ಒಂದೇ ಕಡೆ, ಕ್ಲಾಸಿನಲ್ಲೇ ಇಟ್ಟಿದ್ದೆ. ಒಂದನ್ನು ಬದಲಿಸಿದರೆ ಎಲ್ಲವೂ ಬದಲು. ಮಗ್ಗ ಕಾಣದ ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

ಹನೂರಿನವಳು ಮಾಡಿರಲಿಲ್ಲ. ಹಾಸಿಗೇ ಬೇರೆ ಕ್ಲಾಸು ಮಾಡಿ, ಪ್ರತಿ ಸೀರೆಯೂ ತಾನು ಯಾವ ಹಾಸಿನದೆಂದು ನೆನಪಿಟ್ಟುಕೊಳ್ಳುವಂತೆ ಬರೆದಿದ್ದಳು. ಹಸಿರು ಹಸಿರಾಗಿ, ಕೆಂಪು ಕೆಂಪಾಗಿ ಉಳಿಯಿತು. ಹೇಗೆ ಹೊಳೆಯಿತೆಂದು ಮೇಷ್ಟ್ರು ಕೇಳಿದರೆ, "ಆಸು ಮುಗುದ್ಮೇಲೆ ಏನ್ಮಾಡೀರಿ ಅಂತ ಇವ್ರಪ್ಪಾಜಿನ ಕೇಳಿದ್ದೆ ಸಾ. ಬ್ಯಾರೆ ಬಣ್ಣದ್ದು ಕಟ್ತೀನಿ ಅಂದ್ರು," ಎಂದು ನನ್ನ ಕಡೆ ನೋಡಿ ನಕ್ಕಳು. ಕಪಟವಿಲ್ಲದ ನಗು. ಅದಕ್ಕೇ ಇನ್ನೂ ಉರಿಯಿತು. ಅವಳದೇ ಅಂಗಡಿಗೆ ಹೋಯಿತು.

ಮುಂದೆ ಅಪ್ಪ ಸೀರೆ ಕೊಡಲು ಹೋಗಿ ಬಂದವರು, ಚಪ್ಪಲಿ ಬಿಡುವ ಮೊದಲೇ ಆ ಮಗುವಿನ ಗುಣಗಾನ ಶುರು ಮಾಡಿದರು. ತಮ್ಮ ಸೀರೆ, ಅದರ ಪಕ್ಕದಲ್ಲಿ ತಮ್ಮ ಹಾಸು, ಎಲ್ಲ ಪರದೆಯ ಮೇಲೆ ಕಂಡಿತಂತೆ. ನಾನು ಅಕ್ಕಿ ಆರಿಸುತ್ತಿದ್ದೆ. ಕಲ್ಲಿನ ಜೊತೆ ಒಂದಷ್ಟು ಅಕ್ಕಿಯೂ ಹೊರಗೆ ಹೋಯಿತು. ನಿಮ್ಮ ಮಗಳಿಗಿಂತ ಊರವರ ಮಗಳಿಗೇ ಎಲ್ಲ ಹೇಳಿಕೊಟ್ಟಿರಿ ಎಂದೆ.

ಅಪ್ಪ ಚಪ್ಪಲಿ ಬಿಟ್ಟು ಒಳಗೆ ಬಂದರು. "ಅವ್ಳು ಕೇಳುದ್ಲು, ಏಳ್ದೆ. ನೀನು ಕೇಳಿದ್ರೆ ನಿಂಗೂ ಏಳ್ತಿರ್ನಿಲ್ವಾ ಮಗ?"

ಮಾರನೆಯ ಬೆಳಿಗ್ಗೆ ಹೋಗಿ ಮಗ್ಗದ ಗುಂಡಿಯ ಅಂಚಿನಲ್ಲಿ ಕೂತೆ, ಅವಳು ಕೂತ ಜಾಗದಲ್ಲೇ. ಏನು ಕೇಳಿದರೂ ಅಪ್ಪ, "ಇದ ಆ ಮಗೀಗೂ ಏಳಿದ್ದೆ," ಎಂದೇ ಶುರು ಮಾಡುವರು. ಉತ್ತರ ಕೇಳುತ್ತಲೇ ನಾನು ಅವಳು ಕೇಳದೆ ಬಿಟ್ಟದ್ದು ಒಂದಾದರೂ ಇದೆಯೇ ಎಂದು ಹುಡುಕುತ್ತಿದ್ದೆ. ಹಳೆಯ ಹಾಸಿನ ತುದಿಗೆ ಹೊಸ ಹಾಸನ್ನು ಎಳೆ ಎಳೆಯಾಗಿ ಹೊಸೆದು ಸೇರಿಸುತ್ತಾರಲ್ಲ, ಆ ಸೇರಿದ ಜಾಗ ಯಾವ ಸೀರೆಗೆ ಸೇರುತ್ತದೆ ಎಂದೆ.

ಅಪ್ಪನ ಕೈ ನಿಂತಿತು. "ಅದು ಯಾವ ಸೀರೆಗೂ ಇಲ್ಲ ಕಣವ್ವ. ಕತ್ತರಿಸ್ಬುಡ್ತೀವಿ." ಒಂದು ಗಳಿಗೆ ನನ್ನನ್ನೇ ನೋಡಿ, "ಇದ ಅವ್ಳು ಕೇಳ್ನಿಲ್ಲ," ಎಂದರು.

ಹನೂರಿನವಳು ಈಗಲೂ ಫೋನ್ ಮಾಡುತ್ತಾಳೆ, ಅಪ್ಪಾಜಿ ಹೇಗಿದ್ದಾರೆ ಎಂದು ಮೊದಲು ಕೇಳುತ್ತಾಳೆ. ಎಲ್ಲ ಹೇಳುತ್ತೇನೆ. ಆ ಕತ್ತರಿಸಿದ ತುಂಡಿನ ವಿಷಯವೊಂದನ್ನು ಮಾತ್ರ ಇವತ್ತಿನವರೆಗೂ ಹೇಳಿಲ್ಲ.