ಕೂತು ಇಳಿದ ಬಂಡೆ

ಬಸವನಗುಡಿ ಸಮತಟ್ಟಾದ ಜಾಗ ಎನ್ನುವವರಿಗೆ ಎರಡೂ ಕಾಲು ಸರಿಯಾಗಿರುತ್ತವೆ. ನನಗೆ ಒಂದೇ ಸರಿ. ಮಾತು ಕಲಿಯುವ ವಯಸ್ಸಿನಲ್ಲಿ ಪೋಲಿಯೊ ಬಂದು ಎಡಗಾಲಿನ ಬಲವನ್ನು ಎಳೆದುಕೊಂಡು ಹೋಯಿತು. ಅಂದಿನಿಂದ ಅದು ತೊಡೆಯಿಂದ ಪಾದದವರೆಗೆ ಕ್ಯಾಲಿಪರ್ ಎಂಬ ಕಬ್ಬಿಣದ ಕಟ್ಟಿನೊಳಗೆ ಇದೆ. ಗಾಂಧಿಬಜಾರಿನಿಂದ ಬುಲ್ ಟೆಂಪಲ್ ರಸ್ತೆಗೆ ನಡೆದರೆ ನೆಲ ಎಲ್ಲಿ ಏಳುತ್ತದೆ, ಗವಿಪುರದ ಕಡೆ ತಿರುಗಿದರೆ ಎಲ್ಲಿ ಕುಸಿದ ಹಾಗೆ ಇಳಿಯುತ್ತದೆ ಎಂದು ನಾನು ನಕ್ಷೆ ನೋಡದೆ ಹೇಳಬಲ್ಲೆ. ಇದರಲ್ಲಿ ಹೆಚ್ಚುಗಾರಿಕೆ ಏನೂ ಇಲ್ಲ. ಚಪ್ಪಲಿ ಎಲ್ಲಿ ಕಚ್ಚುತ್ತದೆ ಎಂದು ಹಾಕಿಕೊಂಡವರಿಗೆ ಗೊತ್ತಿರುತ್ತದೆ.

ನಮ್ಮ ಮನೆ ಒಂದು ದಿಣ್ಣೆಯ ಬೆನ್ನಿನ ಮೇಲಿದೆ. ಆಚೆ ರಸ್ತೆಯಲ್ಲಿ ಬಿದ್ದ ಮಳೆ ಗವಿಪುರ ಇಳಿದು, ವೃಷಭಾವತಿ ಸೇರಿ, ಕೊನೆಗೆ ಕಾವೇರಿಗೆ ಹೋಗುತ್ತದೆ. ಈಚೆ ರಸ್ತೆಯದು ಲಾಲ್‌ಬಾಗಿನ ಕಡೆ ಹರಿದು ದಕ್ಷಿಣ ಪಿನಾಕಿನಿಯ ಪಾಲಾಗುತ್ತದೆ. ಎರಡು ನದಿಗಳ ನಡುವಿನ ಇಂಥ ಗಡಿ ಇದ್ದಲ್ಲೇ ಇರುವುದಿಲ್ಲ. ಲಕ್ಷಾಂತರ ವರ್ಷಗಳಲ್ಲಿ ಒಂದು ನದಿ ಇನ್ನೊಂದರ ನೆಲವನ್ನು ಕೊರೆಯುತ್ತಾ ಗಡಿಯನ್ನು ತಳ್ಳಿಬಿಡುತ್ತದೆ. ನಮ್ಮ ದಿಣ್ಣೆ ಯಾವ ಕಡೆಗೆ ಸರಿಯುತ್ತಿದೆ ಎಂದು ತಿಳಿಯುವ ಹುಚ್ಚು ನನಗೆ ಭೂವಿಜ್ಞಾನ ಓದುವಾಗಲೇ ಹತ್ತಿತ್ತು. ಅದಕ್ಕೆ ಒಂದು ವಿದ್ಯೆ ಇದೆ. ಕಂಪ್ಯೂಟರಿನೊಳಗೆ ಒಂದು ನೆಲ ಹಾಸಿ, ಕೆಳಗಿನಿಂದ ತುಸು ಎತ್ತಿ, ಮೇಲಿಂದ ಮಳೆ ಸುರಿಸಿ, ಯುಗಗಟ್ಟಲೆ ಬಿಟ್ಟರೆ ಬೆಟ್ಟ, ಕಣಿವೆ, ಹಳ್ಳಗಳು ಹೇಗೆ ಹುಟ್ಟುತ್ತವೆ ಎಂದು ನೋಡುವುದು.

ಈ ವಿದ್ಯೆಯಲ್ಲಿ ಡಾಕ್ಟರೇಟ್ ಮಾಡಲು ವಿದ್ಯಾರ್ಥಿವೇತನ ಕೊಡುತ್ತಾರೆಂದು ಊರಿನದೇ ಒಂದು ಸಂಶೋಧನಾ ಸಂಸ್ಥೆ ಪ್ರಕಟಿಸಿದಾಗ ನನ್ನ ತಲೆಯಲ್ಲಿ ನರೆ ಇಣುಕಿತ್ತು. ಸಹಕಾರಿ ಬ್ಯಾಂಕಿನಲ್ಲಿ ಕಾಯಂ ಕೆಲಸವಿತ್ತು, ಅದೂ ಅಂಗವಿಕಲರ ಮೀಸಲಾತಿಯಲ್ಲಿ ಸಿಕ್ಕಿದ್ದು. ಪೇಟೆಯಲ್ಲಿ ಅಪ್ಪ ಬಿಟ್ಟುಹೋದ ಪಾತ್ರೆ ಅಂಗಡಿ ನೋಡಿಕೊಳ್ಳುವ ಅಣ್ಣನಿಗೆ ವಿಷಯ ಹೇಳಿದೆ. ಅವನು ಊಟದ ತಟ್ಟೆಯಿಂದ ತಲೆ ಎತ್ತಲಿಲ್ಲ.

"ಮಳೆ ಬಂದ್ರೆ ಮಣ್ಣು ಕೊಚ್ಕೊಂಡ್ ಹೋಗತ್ತೆ. ಇದನ್ನ ಹೇಳಕ್ಕೆ ಡಾಕ್ಟರೇಟ್ ಬೇಕಾ? ಇರಲಾರದೆ ಇರುವೆ ಬಿಟ್ಕೊಂಡ್ರಂತೆ, ಹಂಗಾಯ್ತು ನಿನ್ನ ಕಥೆ."

"ಇರುವೆ ನನ್ನದು, ಕಚ್ಚೋದು ನನ್ನನ್ನ. ನಿನಗೇನು?" ಎಂದೆ. ಅವನು ಇನ್ನೊಂದು ಚಪಾತಿ ಹಾಕಿಸಿಕೊಂಡ.

ಅಮ್ಮನಿಗೆ ಹೇಳುವುದು ಬಾಕಿ ಉಳಿಯಿತು. ಅದಕ್ಕೆ ನಮ್ಮ ಮನೆಯಲ್ಲಿ ಒಂದು ಹಳೆಯ ಉಪಾಯವಿದೆ. ಅಮ್ಮ ಬೆಳಿಗ್ಗೆ ಸ್ನಾನ ಮಾಡಿ, ಹಣೆಗೆ ವಿಭೂತಿ ಬಳಿದು, ಎಡ ಅಂಗೈಯಲ್ಲಿ ಇಷ್ಟಲಿಂಗ ಇಟ್ಟುಕೊಂಡು ಪೂಜೆಗೆ ಕೂತಳೆಂದರೆ ಮುಗಿಯುವವರೆಗೂ ಬಾಯಿ ಬಿಡುವುದಿಲ್ಲ. ಅವಳಿಗೆ ಸಿಟ್ಟು ತರಿಸುವ ವಿಷಯವನ್ನು ನಾವು ಮಕ್ಕಳು ಆಗಲೇ ಹೇಳಿ ಜಾಗ ಖಾಲಿ ಮಾಡುತ್ತಿದ್ದೆವು. ಅಣ್ಣ ಪಿಯುಸಿ ಫೇಲಾದದ್ದನ್ನು ಹೇಳಿದ್ದು ಹಾಗೆ. ನಾನು ಬಂದ ಗಂಡನ್ನು ಬೇಡವೆಂದದ್ದೂ ಹಾಗೆ. ಬಿಲ್ವಪತ್ರೆ ಏರಿಸುವ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತದೆ, ಮಿಕ್ಕರ್ಧವನ್ನು ಶಿವ ನೋಡಿಕೊಳ್ಳುತ್ತಾನೆ ಎಂಬುದು ನಮ್ಮ ನಂಬಿಕೆ.

ಪೂಜೆಯ ನಡುವೆ ಹೋಗಿ ಕೆಲಸ ಬಿಡುತ್ತೇನೆ, ಸಂದರ್ಶನಕ್ಕೆ ಕರೆದಿದ್ದಾರೆ ಎಂದು ಒಂದೇ ಉಸಿರಿಗೆ ಹೇಳಿದೆ. ಅವಳ ಕಣ್ಣು ಅಂಗೈಯಿಂದ ಕದಲಲಿಲ್ಲ. ಪೂಜೆ ಮುಗಿಸಿ ಅಡುಗೆಮನೆಗೆ ಬಂದವಳು ದೋಸೆ ಹಂಚಿಗೆ ನೀರು ಚಿಮುಕಿಸುತ್ತಾ ಒಂದೇ ಮಾತು ಆಡಿದಳು.

"ಬ್ಯಾಂಕಲ್ಲಿ ಕುರ್ಚಿ ಇದೆ ಪುಟ್ಟಿ. ಅಲ್ಲಿ ಯಾರು ಕೊಡ್ತಾರೆ ಕುರ್ಚಿ?"

ಆ ಮಾತಿಗೆ ನನಗೆ ಸಿಟ್ಟೂ ಬಂತು, ಅಳುವೂ ಬಂತು. ನನಗೊಂದು ಕುರ್ಚಿ ಸಿಗಬೇಕೆಂಬುದು ಅವಳ ಬದುಕಿನ ದೊಡ್ಡ ಆಸೆಯಾಗಿತ್ತು. ಶಾಲೆಗೆ ಹೋಗುವ ವಯಸ್ಸು ಬಂದ ಮೇಲೂ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಒಮ್ಮೆ ನಮ್ಮನ್ನು ಬ್ಯೂಗಲ್ ರಾಕ್ ಬಂಡೆಗೆ ಕರೆದುಕೊಂಡು ಹೋಗಿದ್ದಳು. ಮಿಕ್ಕ ಮಕ್ಕಳು ಓಡಿಕೊಂಡು ಇಳಿದರು. ನಾನು ಕುಂಡಿ ಊರಿ, ಎರಡು ಕೈಯಲ್ಲಿ ಮೈ ಎತ್ತಿ ಎತ್ತಿ ಇಟ್ಟು, ಜಾರುತ್ತಾ ಇಳಿದೆ. ನನಗೆ ಅದು ಬಲು ಮಜವಾಗಿತ್ತು. ಅಲ್ಲಿ ಕಡಲೆಕಾಯಿ ತಿನ್ನುತ್ತಿದ್ದ ಹೆಂಗಸೊಬ್ಬಳು, "ಅಯ್ಯೋ ಪಾಪ, ಹೆಣ್ಣುಮಗು ನೋಡಿ, ತೆವಳ್ತಿದೆ" ಎಂದಳು. ಅಮ್ಮ ದಡದಡ ಬಂದು ನನ್ನನ್ನು ಬಾಚಿಕೊಂಡು ನೇರ ಮನೆಗೆ ಹೊತ್ತು ತಂದಳು. ನನ್ನ ಲಂಗದ ಹಿಂಭಾಗ ಹರಿದು ಚಿಂದಿಯಾಗಿತ್ತು. ಮನೆಯಲ್ಲಿ ಹೊಲಿಗೆ ಯಂತ್ರವಿತ್ತು, ಅಣ್ಣನ ಚಡ್ಡಿಗಳಿಗೆ ದಿನಾ ತೇಪೆ ಹಾಕುತ್ತಿದ್ದಳು. ಆದರೆ ಆ ಲಂಗವನ್ನು ಹೊಲಿಯಲಿಲ್ಲ, ನೀರೊಲೆಗೆ ಹಾಕಿಬಿಟ್ಟಳು. ಆಮೇಲೆ ನಮ್ಮನ್ನು ಬಂಡೆಯ ಕಡೆ ಕರೆದುಕೊಂಡು ಹೋಗಲೂ ಇಲ್ಲ.

ಸಂದರ್ಶನದಲ್ಲಿ ಮೊದಲು ಒಂದು ಪರೀಕ್ಷೆ ಇಟ್ಟರು. ನಗರದ ಪಶ್ಚಿಮ ಭಾಗದ ನೆಲದ ಎತ್ತರಗಳನ್ನು ಕೊಟ್ಟು, ಕಂಪ್ಯೂಟರಿನಲ್ಲಿ ಅದರ ಮೇಲೆ ನೀರು ಹರಿಸಿ ತೋರಿಸಿ ಎಂದರು. ಈ ಕಸುಬಿನಲ್ಲಿ ಒಂದು ರೂಢಿಯಿದೆ. ಉಪಗ್ರಹದಿಂದ ಅಳೆದ ನೆಲದಲ್ಲಿ ಅಲ್ಲಲ್ಲಿ ಗುಂಡಿಗಳು ಕಾಣುತ್ತವೆ. ಹೆಚ್ಚಿನವು ಅಳತೆಯ ತಪ್ಪುಗಳು. ಹರಿಯುವ ನೀರು ಅವುಗಳಲ್ಲಿ ಸಿಕ್ಕಿಬಿದ್ದರೆ ಹೊಳೆ ಮುಂದೆ ಸಾಗುವುದಿಲ್ಲ. ಹಾಗಾಗಿ ಎಲ್ಲರೂ ಮೊದಲ ಕೆಲಸವಾಗಿ ಗುಂಡಿಗಳನ್ನೆಲ್ಲ ಒಂದೇ ಸಲ ತುಂಬಿ ನೆಲವನ್ನು ಸಮ ಮಾಡಿಬಿಡುತ್ತಾರೆ. ನಾನು ತುಂಬಲಿಲ್ಲ. ನನ್ನ ನೀರು ಗವಿಪುರದ ಕೆಳಗೆ ಒಂದು ಕಡೆ, ಬಿನ್ನಿಪೇಟೆಯ ಹತ್ತಿರ ಇನ್ನೊಂದು ಕಡೆ ನಿಂತುಬಿಟ್ಟಿತು.

ಕನ್ನಡಕದ ಮೇಲಿಂದ ನೋಡುತ್ತಿದ್ದ ಪ್ರೊಫೆಸರ್, ಮುಂದೆ ನನಗೆ ಮಾರ್ಗದರ್ಶಕರಾಗಬೇಕಾದವರು, "ಗುಂಡಿ ತುಂಬೋದು ಮರ್ತ್ರಾ?" ಎಂದು ಕೇಳಿದರು.

"ಇಲ್ಲ ಸರ್. ಗವಿಪುರದ್ದು ಕೆಂಪಾಂಬುಧಿ ಕೆರೆ. ತುಂಬಿದ್ರೆ ಕೆರೇನೇ ಇಲ್ಲ ಅಂದ ಹಾಗಾಗತ್ತೆ."

"ಹತ್ತು ಲಕ್ಷ ವರ್ಷದ ಲೆಕ್ಕದಲ್ಲಿ ಮನುಷ್ಯರು ಕಟ್ಟಿದ ಕೆರೆ ಯಾವ ಮೂಲೆಗ್ರೀ? ಸರಿ, ಬಿನ್ನಿಪೇಟೆದು?"

"ಅಲ್ಲಿ ಹಳೇ ಕಲ್ಲುಕ್ವಾರಿ ಇರ್ಬೇಕು ಸರ್."

"ಇಲ್ಲ. ಅದು ಬರೀ ಅಳತೆ ತಪ್ಪು. ನಾವು ನೋಡಿದೀವಿ."

ಅಲ್ಲಿ ನಾನು ಸೋತೆ. ಆದರೆ ಸೋತು ಸುಮ್ಮನಿರುವ ಜಾಯಮಾನ ನನ್ನದಲ್ಲ. "ಅದೇ ಸರ್ ನಾನು ಹೇಳ್ತಿರೋದು. ನೀವು ಹೋಗಿ ನೋಡಿದ್ರಿಂದ ಗೊತ್ತಾಯ್ತು. ತುಂಬೋಕೆ ಮುಂಚೆ ಹೋಗಿ ನೋಡ್ಬೇಕು" ಎಂದೆ.

"ನೀವು ಹೋಗಿ ನೋಡ್ತೀರಾ?" ಎಂದರು. ಅವರ ಕಣ್ಣು ಮೇಜಿನ ಕೆಳಗೆ ಚಾಚಿದ್ದ ನನ್ನ ಕಾಲಿನ ಮೇಲೆ ಹೋಗಿ, ತಪ್ಪಾಯಿತೇನೋ ಎಂಬಂತೆ ಥಟ್ಟನೆ ವಾಪಸು ಬಂತು.

"ನೋಡ್ತೀನಿ ಸರ್."

ಆಯ್ಕೆಯಾಯಿತು. ಬ್ಯಾಂಕಿಗೆ ರಾಜೀನಾಮೆ ಕೊಟ್ಟೆ. ಅಣ್ಣ ಕೂಡ ಗೊಣಗುತ್ತಲೇ ವಿ.ವಿ. ಪುರಂನಿಂದ ಹೋಳಿಗೆ ಕಟ್ಟಿಸಿಕೊಂಡು ಬಂದ. ಹೋಳಿಗೆಗೆ ತುಪ್ಪ ಹಾಕಿಕೊಳ್ಳುತ್ತಿದ್ದಾಗ ಸಂಸ್ಥೆಯ ಕಚೇರಿಯಿಂದ ಫೋನು ಬಂತು. ನನ್ನ ಪರಿಸ್ಥಿತಿ ಗಮನಿಸಿ ಗುಡ್ಡಗಾಡಿನ ಕೆಲಸದಿಂದ ನನಗೆ ಪೂರ್ತಿ ವಿನಾಯಿತಿ ಕೊಟ್ಟಿದ್ದಾರಂತೆ. ಕಲ್ಲು ತರುವುದು ಬೇರೆ ವಿದ್ಯಾರ್ಥಿಗಳ ಪಾಲು, ನಾನು ಕೋಣೆಯಲ್ಲಿ ಕೂತು ಕಂಪ್ಯೂಟರ್ ನೋಡಿಕೊಂಡರೆ ಸಾಕಂತೆ.

"ಎಷ್ಟು ಒಳ್ಳೆ ಜನ ನೋಡು. ಹಾವೂ ಸಾಯ್ಲಿಲ್ಲ, ಕೋಲೂ ಮುರೀಲಿಲ್ಲ" ಎಂದ ಅಣ್ಣ. ಅಮ್ಮನ ಮುಖ ಸಡಿಲವಾಯಿತು. ಅಲ್ಲೂ ಒಂದು ಕುರ್ಚಿ ಸಿಕ್ಕಿತ್ತು.

ನನಗೆ ಮೈಯೆಲ್ಲ ಉರಿಯಿತು. ಯಾರೂ ನನ್ನನ್ನು ಕೇಳಿರಲಿಲ್ಲ. ಒಂದು ಗುಂಡಿ ಕಂಡಿತು, ಅದೇನೆಂದು ನೋಡಲಿಲ್ಲ, ತುಂಬಿ ಸಮ ಮಾಡಿಬಿಟ್ಟರು. ಬಂಡೆ ಎಷ್ಟು ಗಟ್ಟಿ, ಎಷ್ಟು ನಿಧಾನ ಸವೆಯುತ್ತದೆ ಎಂಬುದರ ಮೇಲೆ ನನ್ನ ಇಡೀ ಲೆಕ್ಕ ನಿಂತಿದೆ. ಆ ಬಂಡೆಯನ್ನೇ ಮುಟ್ಟದೆ, ಇನ್ನೊಬ್ಬರು ತಂದುಕೊಟ್ಟದ್ದನ್ನು ನಂಬಿಕೊಂಡು ಡಾಕ್ಟರ್ ಎನಿಸಿಕೊಳ್ಳಲು ನಾನೇನು ಪ್ರದರ್ಶನದ ಗೊಂಬೆಯೇ? ಮಾರನೆಯ ದಿನವೇ ಪ್ರೊಫೆಸರ್ ಎದುರು ಹೋಗಿ ನಿಂತೆ. ಕೂತ್ಕೊಳ್ಳಿ ಎಂದರು. ಕೂರಲಿಲ್ಲ.

"ವಿನಾಯಿತಿ ಬೇಡ ಸರ್."

"ನಿಮ್ಮ ಒಳ್ಳೇದಕ್ಕೇ ಮಾಡಿದ್ದು ರೀ."

"ನನ್ನ ಒಳ್ಳೇದು ನನ್ನ ಕೇಳಿ ಮಾಡಿ ಸರ್. ಎಲ್ಲರಿಗೂ ಇರೋ ನಿಯಮ ನನಗೂ ಇರ್ಲಿ."

ಅವರು ಪೆನ್ನಿನ ಮುಚ್ಚಳ ಹಾಕಿ ತೆಗೆದು ಮಾಡಿದರು. "ಎಲ್ಲರಿಗೂ ಇರೋ ನಿಯಮ ಅಂದ್ರೆ, ಗುಡ್ಡ ಹತ್ತಿ ಕಲ್ಲು ತರಕ್ಕೆ ಆಗದೇ ಇರೋರಿಗೆ ಈ ಸೀಟು ಇಲ್ಲ. ಶನಿವಾರ ಮಾಗಡಿ ಕಡೆ ಹೋಗ್ತಿದೀವಿ. ಆಗ್ಲಿಲ್ಲ ಅಂದ್ರೆ ನಿಮ್ಮ ಹಿಂದಿರೋರಿಗೆ ಕೊಟ್ಬಿಡ್ತೀನಿ. ಆಮೇಲೆ ನನ್ನ ಬೈಬೇಡಿ."

"ಬೈಯೋದಿದ್ರೆ ಆಗಲೂ ಬೈತೀನಿ ಸರ್. ಆದ್ರೆ ಬರ್ತೀನಿ."

ಹಾಗೆಂದು ಎದೆ ಸೆಟೆಸಿ ಹೊರಗೆ ಬಂದವಳಿಗೆ ಬಸ್ ಸ್ಟಾಪಿನಲ್ಲಿ ಭಯ ಶುರುವಾಯಿತು. ಬ್ಯಾಂಕು ಹೋಗಿತ್ತು. ಇದೂ ಹೋದರೆ ಅಣ್ಣನ ಅಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಕೊರೆಯುತ್ತಾ ಕೂರಬೇಕು. ಕೈಗೆ ಬಂದ ತುತ್ತನ್ನು ನಾನಾಗಿಯೇ ನೆಲಕ್ಕೆ ಚೆಲ್ಲಿಕೊಂಡೆನೇನೋ ಎನಿಸಿತು. ಆದರೂ ವಾಪಸು ಹೋಗಿ ಮಾತು ಬದಲಿಸಬೇಕೆಂದು ಒಂದು ಕ್ಷಣವೂ ಅನಿಸಲಿಲ್ಲ.

ಶನಿವಾರ ಬೆಳಿಗ್ಗೆ ಅಮ್ಮ ಪೂಜೆಗೆ ಕೂತಾಗ, ಮತ್ತೆ ಅದೇ ಉಪಾಯ. ದಪ್ಪ ಪ್ಯಾಂಟು ಹಾಕಿಕೊಂಡು, ಕ್ಯಾಲಿಪರಿನ ಪಟ್ಟಿ ಬಿಗಿದುಕೊಂಡು ದೇವರಕೋಣೆಯ ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ವಿನಾಯಿತಿ ಬೇಡವೆಂದೆ, ಈಗ ಗುಡ್ಡಕ್ಕೆ ಹೋಗುತ್ತಿದ್ದೇನೆ, ಆಗದಿದ್ದರೆ ಸೀಟು ಹೋಯಿತು. ಹೇಳಿ ತಿರುಗಿ ಮೂರು ಹೆಜ್ಜೆ ಇಟ್ಟಿದ್ದೆ.

"ಪುಟ್ಟಿ."

ನಾನು ಹುಟ್ಟಿದಾಗಿನಿಂದ ಪೂಜೆಯ ನಡುವೆ ಆ ಬಾಯಿ ತೆರೆದದ್ದನ್ನು ಕಂಡಿರಲಿಲ್ಲ. ಅಂಗೈಯಲ್ಲಿ ಲಿಂಗ ಹಾಗೇ ಇತ್ತು. ಕಣ್ಣು ಮಾತ್ರ ನನ್ನ ಮೇಲಿತ್ತು.

"ಇಳಿಯೋವಾಗ ಕೂತ್ಕೊಂಡೇ ಇಳಿ. ನಿಂತ್ಕೊಂಡು ಇಳಿಯಕ್ಕೆ ಹೋಗಿ ಬೀಳ್ಬೇಡ. ಯಾರು ನೋಡಿದ್ರೂ ನೋಡ್ಲಿ."

ಅಷ್ಟು ಹೇಳಿ ಮತ್ತೆ ಅಂಗೈ ನೋಡತೊಡಗಿದಳು. ಆ ಲಂಗ ಅವಳಿಗೂ ಮರೆತಿರಲಿಲ್ಲ.

ಗುಡ್ಡವೆಂದರೆ ಮರವಿಲ್ಲದ ಒಂದೇ ಬಂಡೆ. ಹತ್ತುವುದು ಕಷ್ಟವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಊರುಗೋಲು ಊರಿ, ಬಿರುಕು ಸಿಕ್ಕಲ್ಲಿ ಕೈ ಹಿಡಿದು, ಎಲ್ಲರೂ ಹತ್ತಿ ಬುತ್ತಿ ಬಿಚ್ಚಿದ ಎಷ್ಟೋ ಹೊತ್ತಿನ ಮೇಲೆ ತಲುಪಿದೆ. ಅಂಚಿನ ಒಂದು ಕೋಡುಗಲ್ಲಿಗೆ ನನ್ನಿಂದ ಹೋಗಲಾಗಲಿಲ್ಲ. ಆಗುವುದಿಲ್ಲ ಎಂದು ಗಟ್ಟಿಯಾಗಿ ಹೇಳಿದೆ. ನೆತ್ತಿಯ ಮೇಲಿನ ಕಲ್ಲನ್ನು ಮಾತ್ರ ನಾನೇ ಉಳಿ ಸುತ್ತಿಗೆ ಹಿಡಿದು ಚಕ್ಕೆ ಎಬ್ಬಿಸಿ ಚೀಲಕ್ಕೆ ಹಾಕಿದೆ. ಆ ಚಕ್ಕೆ ಎಷ್ಟು ಕಾಲದಿಂದ ಬಿಸಿಲಿಗೆ ಮೈಯೊಡ್ಡಿ ಕೂತಿದೆ ಎಂದು ತಿಳಿದರೆ ಬಂಡೆ ಸವೆಯುವ ವೇಗ ತಿಳಿಯುತ್ತದೆ.

ಇಳಿಯುವಾಗ ವಿದ್ಯಾರ್ಥಿಗಳಿಬ್ಬರು ಎರಡು ಕಡೆಯಿಂದ ಕೈ ಚಾಚಿದರು. ಬೇಡ ಎಂದೆ. ಕಲ್ಲಿನ ಚೀಲವನ್ನು ಕೊರಳಿಗೆ ಹಾಕಿಕೊಂಡು, ಬಂಡೆಯ ಮೇಲೆ ಕುಂಡಿ ಊರಿ, ಎರಡು ಕೈಯಲ್ಲಿ ಮೈ ಎತ್ತಿ ಎತ್ತಿ ಇಟ್ಟು, ಜಾರುತ್ತಾ ಇಳಿದೆ. ಕಬ್ಬಿಣ ಬಂಡೆಗೆ ತಾಗಿ ಕರಕರ ಸದ್ದು ಮಾಡಿತು. ನನಗೆ ಅದು ಇಷ್ಟು ವರ್ಷಗಳ ಮೇಲೂ ಮಜವಾಗಿಯೇ ಇತ್ತು. ನಡುವೆ ಕೈ ಊರಿದ ಕಡೆ ಬಂಡೆ ಈರುಳ್ಳಿಯಂತೆ ಪದರ ಪದರ ಬಿಟ್ಟುಕೊಂಡದ್ದು ಸಿಕ್ಕಿತು. ಅದನ್ನು ತಟ್ಟಿ ತೋರಿಸಿದೆ. ಮೇಲಿಂದ ನಡೆದು ಬರುತ್ತಿದ್ದ ಪ್ರೊಫೆಸರ್ ಅಲ್ಲಿ ಬಗ್ಗಿ ನೋಡಿದರು.

ಕೆಳಗೆ ಬಂದ ಮೇಲೆ ಅವರು ನನ್ನ ಚೀಲ ಕೇಳಿ ತೆಗೆದುಕೊಂಡು, ಕಲ್ಲು ನೋಡಿ ಹಿಂದಕ್ಕೆ ಕೊಟ್ಟರು.

"ಮುಂದಿನ ತಿಂಗಳು ಅರ್ಕಾವತಿ ಕಡೆ ಹೋಗ್ತೀವಿ. ಬೇರೆಯವರಿಗಿಂತ ಬೇಗ ಹೊರಡಿ" ಎಂದರು. ಅಷ್ಟೇ. ವಿನಾಯಿತಿಯ ಮಾತು ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಸಂಜೆ ಮನೆಗೆ ಬಂದಾಗ ಅಂಗೈ ಚರ್ಮ ಕಿತ್ತುಹೋಗಿತ್ತು. ಬಂಡೆ ಸವೆದಿರಲಿಲ್ಲ, ಪ್ಯಾಂಟು ಸವೆದಿತ್ತು. ಅಮ್ಮ ಸೀಟು ಏನಾಯಿತೆಂದು ಕೇಳುವ ಮೊದಲು ನನ್ನನ್ನು ಭುಜ ಹಿಡಿದು ತಿರುಗಿಸಿ ನಿಲ್ಲಿಸಿ ಹಿಂಭಾಗ ನೋಡಿದಳು. ಬಟ್ಟೆ ಹರಿದು ಚಿಂದಿಯಾಗಿತ್ತು.

"ಬಿಚ್ಚಿ ಕೊಡು" ಎಂದಳು.

ನಾನು ಮುಖ ತೊಳೆದು ಬರುವ ಹೊತ್ತಿಗೆ ಅವಳು ಹೊಲಿಗೆ ಯಂತ್ರದ ಮುಂದೆ ಕೂತಿದ್ದಳು. ಅಣ್ಣನ ಹಳೆಯ ಜೀನ್ಸ್ ಕತ್ತರಿಸಿ, ಎರಡು ಪದರ ಮಾಡಿ, ನನ್ನ ಪ್ಯಾಂಟಿಗೆ ತೇಪೆ ಹಾಕುತ್ತಿದ್ದಳು.