ಬಾಗಿಲಲ್ಲಿ ತೂರದ ಸೋಫಾ

ನನ್ನ ಹೆಂಡತಿ ಸೋಫಾ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ದಿನವಿಡೀ ಸೋಫಾ ಒರೆಸಬೇಕು, ದಿಂಬು ತಟ್ಟಿ ಉಬ್ಬಿಸಬೇಕು, ಕೂರುವ ಹಾಗಿಲ್ಲ. ‘ಸಿಬ್ಬಂದಿ ಕೂರಬಾರದು’ ಅಂತ ಗೋಡೆ ಮೇಲೇ ಬೋರ್ಡು. ಸಂಜೆ ಮನೆಗೆ ಬಂದು ಕಾಲು ನೀವಿಕೊಳ್ಳುತ್ತಾ, “ರೀ, ನಮ್ದೇ ಅಂತ ಒಂದು ಸೋಫಾ ಇರಬೇಕು. ರಾಣಿ ಹಾಗೆ ಒರಗಬೇಕು. ಆಮೇಲೆ ನಂಗೇನೂ ಬೇಡ” ಅನ್ನೋಳು. ‘ಆಮೇಲೇನೂ ಬೇಡ’ ಅನ್ನೋದನ್ನ ನಾನು ಮಿಕ್ಸಿ ತಂದ ಕಾಲದಿಂದಲೂ ಕೇಳಿದ್ದೇನೆ ಬಿಡಿ.

ಈ ಸಲ ಅವಳ ಅಂಗಡಿಯಲ್ಲೇ ಮೂಲೆ ಹರಿದ ಸೋಫಾವೊಂದು ಅಗ್ಗಕ್ಕೆ ಸಿಕ್ಕೇಬಿಟ್ಟಿತು. ನಾನು ಟೈಲರ್, ಹರಿದದ್ದು ಹೊಲಿದುಕೊಟ್ಟೆ. ಕೂಲಿಯವರು ಉಸ್ಸಪ್ಪಾ ಅಂತ ಮೂರನೇ ಮಹಡಿಗೆ ಹೊತ್ತು ತಂದರು. ಬಾಗಿಲಲ್ಲಿ ತೂರಲಿಲ್ಲ! ಅಡ್ಡ ಹಿಡಿದರು, ನೆಟ್ಟಗೆ ನಿಲ್ಲಿಸಿದರು, ಊಹೂಂ. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ. ಬಾಗಿಲು ಇದ್ದಷ್ಟು ಸೋಫಾ ತಗೋ ಅಂತ ಯಾರೂ ಹೇಳಿರಲಿಲ್ಲ. ಕೊನೆಗೆ ಮೆಟ್ಟಿಲ ಪಕ್ಕ, ನಮ್ಮ ಬಾಗಿಲೆದುರೇ ಇಟ್ಟು ಹೋದರು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತ ಇವಳು ಮುಖ ಊದಿಸಿಕೊಂಡಳು. ಸಾಲದ್ದಕ್ಕೆ ಹಾಲಿನವನು, ಎದುರುಮನೆ ಮೇಷ್ಟ್ರು, ಹೋಗಿಬರುವವರೆಲ್ಲ ಕೂತು ನೋಡೋರೇ! ಮರುದಿನ ರಟ್ಟಿನ ಮೇಲೆ ಬರೆದು ಅಂಟಿಸಿದಳು: ‘ಇಲ್ಲಿ ಕೂರಬಾರದು.’

“ಅಂಗಡಿ ಬೋರ್ಡು ಮನೆಗೂ ಬಂತಾ?” ಅಂದೆ.

“ನೀವು ಬಾಯಿ ಮುಚ್ಕೊಂಡು ಹೊಲೀರಿ.”

ನಾನು ಮಿಷನ್ ತುಳಿಯತೊಡಗಿದೆ. ಅಷ್ಟರಲ್ಲಿ ಅಂಗಡಿ ಯಜಮಾನರು ಈ ಸೋಫಾ ವಾಪಸ್ ತಗೊಂಡು ಚಿಕ್ಕ ಸೋಫಾ ಕೊಡಲು ಒಪ್ಪಿದರು. ಶನಿವಾರ ಗಾಡಿ ಬರಬೇಕು.

ಶುಕ್ರವಾರ ಸಂಜೆ ಬಾಗಿಲು ತೆಗೆದರೆ, ಮೇಲಿನ ಮನೆ ಅಜ್ಜಿ ತರಕಾರಿ ಚೀಲ ಹಿಡಿದು, ಗೋಡೆಗೆ ಒರಗಿ ಏದುಸಿರು ಬಿಡುತ್ತಾ ನಿಂತಿದ್ದಾರೆ. ಸೋಫಾ ಪಕ್ಕದಲ್ಲೇ ಇದೆ.

“ಅಯ್ಯೋ, ಕೂತ್ಕೊಳ್ಳಬಾರದಾ ಅಜ್ಜಿ?” ಅಂದಳು ಇವಳು.

“ಬೋರ್ಡು ಹಾಕಿದೀಯಲ್ಲಮ್ಮ.”

ಇವಳ ಮುಖ ನೋಡಬೇಕಿತ್ತು! ರಟ್ಟನ್ನು ಪರ್ರನೆ ಕಿತ್ತು, ಅಜ್ಜಿಯನ್ನು ಕೂರಿಸಿ, ತಾನೂ ಪಕ್ಕದಲ್ಲಿ ಧೊಪ್ಪನೆ ಕೂತಳು. ನನಗೆ ಟೀ ಮಾಡಲು ಅಪ್ಪಣೆಯಾಯಿತು. ಟೀ ವಾಸನೆಗೆ ಮೇಷ್ಟ್ರು ಬಂದರು, ಅವರ ಹೆಂಡತಿಯೂ ಬಂದರು. ಅಜ್ಜಿ ತಮ್ಮ ಯಜಮಾನರ ಗೊರಕೆ ಕಥೆ ಶುರುಮಾಡಿದರು ನೋಡಿ, ನಗುವೋ ನಗು. ಇವಳು ಹಾಗೆ ಹೊಟ್ಟೆ ಹಿಡಿದು ನಕ್ಕಿದ್ದು ನೋಡಿ ಎಷ್ಟು ಕಾಲವಾಗಿತ್ತು! ಸುಳ್ಳೇಕೆ, ಖುಷಿಗೆ ನನ್ನ ಕಣ್ಣು ತುಂಬಿತು.

ಶನಿವಾರ ಗಾಡಿಯವನು ಬಂದಾಗಲೂ ಸೋಫಾ ಭರ್ತಿಯಾಗಿತ್ತು. “ಅಕ್ಕಾ, ಅಳತೆ ನೋಡೇ ತಂದಿದೀನಿ. ಈ ಸಲ ಬಾಗಿಲಲ್ಲಿ ಸಲೀಸಾಗಿ ತೂರುತ್ತೆ.”

“ತೂರುತ್ತೆ ಕಣಪ್ಪ, ಇಷ್ಟು ಜನ ಹಿಡಿಸಲ್ಲವಲ್ಲ. ವಾಪಸ್ ತಗೊಂಡ್ಹೋಗು” ಅಂದಳು ಇವಳು. ಆಮೇಲೆ ನನ್ನ ಕಡೆ ತಿರುಗಿದಳು. “ರೀ, ಏಳಿ. ಪಾಪ, ಮೂರು ಮಹಡಿ ಹತ್ತಿ ಬಂದಿದಾನೆ, ಕೂತ್ಕೊಳ್ಳಲಿ.”