ವ್ಯಾನಿಟಿ ಬ್ಯಾಗಿಗೊಂದು ಚಾಕು

ಆ ಹುಡುಗಿಯ ದುಪಟ್ಟಾ ಬೈಕಿನ ಹಿಂದಿನ ಚಕ್ರಕ್ಕೆ ಸಿಕ್ಕಿಕೊಂಡಾಗ ನಾನು ಹೆಬ್ಬಾಳದ ಸರ್ವಿಸ್ ರಸ್ತೆಯಲ್ಲಿ ಯಲಹಂಕದ ಬಸ್ಸಿಗೆ ಕಾಯುತ್ತಿದ್ದೆ. ಬೈಕ್ ಓಡಿಸುತ್ತಿದ್ದವನು ಅವಳ ಅಣ್ಣ. ಟ್ರಾಫಿಕ್ ಇದ್ದದ್ದರಿಂದ ಬೈಕಿಗೆ ವೇಗ ಇರಲಿಲ್ಲ, ಅದೊಂದು ಪುಣ್ಯ. ಹುಡುಗಿ ಇದ್ದಕ್ಕಿದ್ದಂತೆ ಹಿಂದಕ್ಕೆ ವಾಲಿದಳು, ಎರಡೂ ಕೈ ಗಂಟಲಿಗೆ ಹೋದವು, ಬೈಕ್ ಪಕ್ಕಕ್ಕೆ ಉರುಳಿತು. ನಾವು ಓಡಿಹೋಗಿ ನೋಡುವಷ್ಟರಲ್ಲಿ ಬಟ್ಟೆ ಚೈನಿಗೆ ಸುತ್ತಿಕೊಂಡು ಹಗ್ಗದ ಹಾಗೆ ಹುರಿಗೊಂಡಿತ್ತು. ಅವಳ ಕಿವಿ ಟೈರಿಗೆ ಒತ್ತಿಕೊಂಡಿತ್ತು. ಮುಖ ಕಪ್ಪಗಾಗುತ್ತಿತ್ತು.

ಜನ ಸೇರಿದರು. ಒಬ್ಬರು ಚಕ್ರ ಹಿಂದಕ್ಕೆ ತಿರುಗಿಸಿ ಅಂದರು, ಇನ್ನೊಬ್ಬರು ಮುಂದಕ್ಕೆ ಅಂದರು. "ಬ್ಲೇಡ್ ಇದ್ಯಾ ಯಾರ ಹತ್ರಾದ್ರೂ? ಕತ್ರಿ?" ಎಂದು ಅಣ್ಣ ಕೂಗಾಡುತ್ತಿದ್ದ. ಯಾರ ಹತ್ತಿರವೂ ಇರಲಿಲ್ಲ. ಎಳನೀರಿನವನು ಮಚ್ಚು ಹಿಡಿದು ಬಂದ. ಆದರೆ ಟೈರಿಗೂ ಕುತ್ತಿಗೆಗೂ ನಡುವೆ ಮಚ್ಚು ಆಡಿಸುವಷ್ಟು ಜಾಗವೇ ಇರಲಿಲ್ಲ. ಅವನೇ ಹೆದರಿ ಕೈ ಹಿಂದಕ್ಕೆಳೆದುಕೊಂಡ.

ನಾನು ಮೊಣಕಾಲೂರಿ ಕೂತು ಬಾಯಿ ಹಾಕಿದೆ. ಬೇರೆ ಏನೂ ತೋಚಲಿಲ್ಲ. ದುಪಟ್ಟಾದ ಅಂಚು ಹಲ್ಲಿಗೆ ಸಿಕ್ಕಿತು. ಗ್ರೀಸು, ಧೂಳು, ಅವಳ ಬೆವರು, ತಲೆಗೆ ಹಚ್ಚಿದ ಎಣ್ಣೆ, ಎಲ್ಲಾ ಒಟ್ಟಿಗೆ ನಾಲಿಗೆಗೆ ಬಂದವು. ಕಚ್ಚಿ ಎಳೆದೆ. ಆಗಲೇ ನನ್ನ ತಲೆಯ ಮೇಲಿಂದ ಒಂದು ದನಿ ಕೇಳಿಸಿತು.

"ಮೇಡಂ, ಸ್ವಲ್ಪ ಆ ಕಡೆ ಸರೀರಿ, ಹುಡುಗಿ ಮುಖ ಕಾಣ್ತಿಲ್ಲ."

ತಲೆಯೆತ್ತಿ ನೋಡಿದೆ. ಇಸ್ತ್ರಿ ಹಾಕಿದ ಅಂಗಿ ತೊಟ್ಟ, ಮೂವತ್ತೈದು ನಲವತ್ತರ ಗಂಡಸು, ಮೊಬೈಲನ್ನು ಅಡ್ಡ ಹಿಡಿದು ನಿಂತಿದ್ದ. ಅವನ ಎರಡೂ ಕೈ ಗಟ್ಟಿಯಾಗಿದ್ದವು. ಆ ಕೈಯಿಂದ ಬಟ್ಟೆಯ ಇನ್ನೊಂದು ತುದಿ ಹಿಡಿದಿದ್ದರೆ ನನ್ನ ಕೆಲಸ ಅರ್ಧ ಆಗುತ್ತಿತ್ತು. ಬೈಯಲು ಬಾಯಿ ಖಾಲಿ ಇರಲಿಲ್ಲ. ಮತ್ತೆ ಕಚ್ಚಿದೆ. ಅಂಚು ಹರಿಯಿತು, ಆಮೇಲೆ ಅಣ್ಣ ಎರಡೂ ಕೈಯಿಂದ ಪರ್ ಎಂದು ಸೀಳಿದ. ಹುಡುಗಿ ಉಸಿರೆಳೆದುಕೊಂಡ ಸದ್ದು ಇವತ್ತಿಗೂ ಕಿವಿಯಲ್ಲಿದೆ. ಉಸಿರಿನ ಹಿಂದೆಯೇ ವಾಂತಿ ಬಂದು ನನ್ನ ಸೀರೆಯ ಮೇಲೆಲ್ಲಾ ಆಯಿತು. ಅದು ನನಗೆ ಅಸಹ್ಯ ಅನ್ನಿಸಲಿಲ್ಲ. ಅಸಹ್ಯ ಅನ್ನಿಸಿದ್ದು ಇನ್ನೂ ಇಳಿಯದ ಆ ಮೊಬೈಲ್ ಕಂಡು.

ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಹೊರಡುವ ಮುಂಚೆ ಅಣ್ಣ ನನ್ನ ನಂಬರು ಕೇಳಿಕೊಂಡ. ಹುಡುಗಿ ಬದುಕಿದಳು. ದನಿ ಇನ್ನೂ ಸರಿಯಾಗಿ ಬರ್ತಿಲ್ಲ, ಆದ್ರೆ ಗಂಜಿ ನುಂಗ್ತಿದ್ದಾಳೆ ಎಂದು ಮಾರನೇ ದಿನ ಅಣ್ಣ ಫೋನ್ ಮಾಡಿ ಹೇಳಿದ. ಆ ಹೊತ್ತಿಗಾಗಲೇ ಇಸ್ತ್ರಿ ಅಂಗಿಯವನು ತೆಗೆದ ವಿಡಿಯೋ ನಾನು ಲ್ಯಾಬ್ ಅಸಿಸ್ಟೆಂಟ್ ಆಗಿರುವ ಕಾಲೇಜಿನ ವಾಟ್ಸಾಪ್ ಗ್ರೂಪಿಗೂ ಬಂದಿತ್ತು. ಹಿನ್ನೆಲೆಯಲ್ಲಿ ಅಳು ಬರಿಸುವ ಪಿಟೀಲು ಹಾಕಿದ್ದ. ಮೇಲೆ, ಮಾನವೀಯತೆ ಇನ್ನೂ ಸತ್ತಿಲ್ಲ ಎಂದು ಹೂವಿನ ಅಕ್ಷರದಲ್ಲಿ ಬರೆದಿದ್ದ. ನನ್ನ ಬೆನ್ನು, ಕೆದರಿದ ತುರುಬು, ಜಾರಿದ ಸೆರಗು. ಸ್ಟಾಫ್ ರೂಮಿಗೆ ಕಾಲಿಟ್ಟ ಕೂಡಲೇ ಒಬ್ಬ ಲೆಕ್ಚರರ್ ಸ್ವಾಗತಿಸಿದರು. "ಮೇಡಂ, ವೈರಲ್ ಆಗ್ಬಿಟ್ರಲ್ಲಾ! ಪಾರ್ಟಿ ಯಾವಾಗ?"

ಆವತ್ತು ಮನೆಗೆ ಬಂದು ಮತ್ತೊಮ್ಮೆ ಹಲ್ಲುಜ್ಜಿದೆ. ಉಜ್ಜಿಯಾದ ಮೇಲೆ ಗಂಡನಿಗೆ ಹೇಳಿದೆ, ನನಗೊಂದು ಮಡಚುವ ಚಾಕು ಬೇಕು, ದಿನಾ ಬ್ಯಾಗಿನಲ್ಲಿ ಇಟ್ಟುಕೊಳ್ಳುವಂಥದ್ದು.

ನಾವು ಗದಗಿನ ಕಡೆಯವರು. ಅವರು ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮಶೀನಿನ ಮೇಲೆ ಕೆಲಸ ಮಾಡುತ್ತಾರೆ. ಊರು ಬಿಟ್ಟು ಎಷ್ಟು ವರ್ಷವಾದರೂ ಮನೆಯೊಳಗೆ ನಮ್ಮ ಮಾತು ಬದಲಾಗಿಲ್ಲ.

"ನಿನಗ್ಯಾಕ ಬೇಕ ಚಾಕು? ಓಡ್ನಿ ದಿನಾ ಸಿಗಬೀಳ್ತಾವೇನ?"

"ದಿನಾ ಬೀಳೂದು ಬ್ಯಾಡ. ಇನ್ನೊಮ್ಮೆ ಬಿದ್ರ ಮತ್ತ ನನ್ನ ಹಲ್ಲ ಹಚ್ಚಬೇಕೇನ?"

"ಪೊಲೀಸ್ರು ಕೇಳಿದ್ರ ಏನ ಹೇಳಾಕಿ?"

"ಗಂಡ ಭಾಳ ಮಾತಾಡ್ತಾನ ಅಂತ ಹೇಳ್ತೀನಿ."

ಅವರು ನಕ್ಕರು. ನನಗೆ ನಗು ಬರಲಿಲ್ಲ.

ನನಗೆ ಬೇಕಾದದ್ದು ಏನೆಂದು ಸ್ಪಷ್ಟವಾಗಿತ್ತು. ಕುತ್ತಿಗೆಯ ಹತ್ತಿರ ಹೋಗಬೇಕಾದ ಅಲಗು, ಆದ್ದರಿಂದ ತುದಿ ಚೂಪಾಗಿರಬಾರದು. ಒಂದು ಕೈ ಬಿಡುವಿಲ್ಲದಿದ್ದಾಗ ಇನ್ನೊಂದು ಕೈಯಿಂದಲೇ ಬಿಡಿಸಲು ಬರಬೇಕು. ಬಿಡಿಸಿದ ಮೇಲೆ ಗಟ್ಟಿಯಾಗಿ ಲಾಕ್ ಆಗಬೇಕು, ಕೆಲಸದ ಮಧ್ಯೆ ಬೆರಳಿನ ಮೇಲೆಯೇ ಮಡಚಿಕೊಳ್ಳಬಾರದು. ಕೈ ಒದ್ದೆಯಿದ್ದರೂ ಹಿಡಿ ಜಾರಬಾರದು. ಇಷ್ಟೇ. ಇಷ್ಟು ಸಿಗುವುದಕ್ಕೆ ನಾನು ನೋಡಿದ ಕೊಳಕು ಮಾತ್ರ ಇಷ್ಟಲ್ಲ.

ಮೊದಲು ಮೊಬೈಲಿನಲ್ಲಿ ಹುಡುಕಿದೆ. ಹಿಡಿಯ ಮೇಲೆ ತಲೆಬುರುಡೆ, ಹಿಡಿಯ ಮೇಲೆ ಹಾವು, ರಕ್ತ ತೊಟ್ಟಿಕ್ಕುವ ಹಾಗೆ ಕೆಂಪು ಬಳಿದ ಅಲಗು. ಒಂದರ ಕೆಳಗೆ 'ಶತ್ರುವಿಗೆ ಕೊನೆಯ ಎಚ್ಚರಿಕೆ' ಎಂದಿತ್ತು. ಯಾವ ಶತ್ರು? ಈ ಊರಿನಲ್ಲಿ ಇದನ್ನು ಕೊಂಡು ದಿಂಬಿನ ಪಕ್ಕದಲ್ಲಿಟ್ಟು ಮಲಗುವವರು ಯಾರು? ಹಣ್ಣು ಹೆಚ್ಚುವವರಿಗೆ, ಗೋಣಿಯ ಹೊಲಿಗೆ ಬಿಚ್ಚುವವರಿಗೆ, ದಾರ ಕತ್ತರಿಸುವವರಿಗೆ ಅಲ್ಲಿ ಏನೂ ಇರಲಿಲ್ಲ. ಅದನ್ನೆಲ್ಲಾ ಒಮ್ಮೆ ನೋಡಿದ್ದೇ ತಪ್ಪು, ಆಮೇಲೆ ವಾರಗಟ್ಟಲೆ ನನ್ನ ಮೊಬೈಲು ಕೈಗೆ ತೊಡುವ ಕಬ್ಬಿಣದ ಮುಷ್ಟಿಗಳನ್ನು ತೋರಿಸುತ್ತಿತ್ತು.

ಆರ್.ಟಿ. ನಗರದ ಮುಖ್ಯರಸ್ತೆಯಲ್ಲಿ ಗಿಫ್ಟು, ಲೈಟರು, ಟಾರ್ಚು ಮಾರುವ ಅಂಗಡಿಯೊಂದಿದೆ. ಅಲ್ಲಿ ಹೋಗಿ ಕೇಳಿದೆ. ಅಂಗಡಿಯವರು ಬಾಯಲ್ಲಿದ್ದ ಗುಟ್ಕಾವನ್ನು ಕೆನ್ನೆಗೆ ತಳ್ಳಿಕೊಂಡರು.

"ಲೇಡೀಸ್‌ಗಾ? ಪಿಂಕ್ ಇದೆ ಮೇಡಂ." ಲಿಪ್‌ಸ್ಟಿಕ್ಕಿನ ಆಕಾರದ ಒಂದನ್ನು ಮುಂದಿಟ್ಟರು. ಮುಚ್ಚಳ ತೆಗೆದರೆ ಒಳಗೆ ಉಗುರಿನಷ್ಟು ಅಲಗು, ಕೈಯಿಂದ ಒತ್ತಿದರೆ ಅಲುಗಾಡುತ್ತಿತ್ತು.

"ಇದು ಬೇಡ. ಕೆಲಸಕ್ಕೆ ಬರೋದು ತೋರಿಸಿ."

"ಕೆಲಸಕ್ಕಾ?" ಅವರ ಕಣ್ಣು ಅರಳಿದವು. ಕೌಂಟರ್ ಕೆಳಗಿಂದ ಉದ್ದನೆಯದೊಂದು ತೆಗೆದು ಚಟ್ ಎಂದು ಬಿಡಿಸಿ ತಮ್ಮ ಹೊಟ್ಟೆಯ ಹತ್ತಿರ ಹಿಡಿದು ತೋರಿಸಿದರು. "ಹಿಂಗೆ ಹಾಕಿ, ಹಿಂಗೆ ತಿರುಗಿಸ್ಬಿಟ್ರೆ ಸಾಕು ಮೇಡಂ. ಕರುಳು ಆಚೆ."

ತುಟಿಯ ಮೂಲೆಯಲ್ಲಿ ಕೆಂಪು ಎಂಜಲು ಸೋರುತ್ತಿತ್ತು. ಅದನ್ನು ಹೆಬ್ಬೆರಳಿನಿಂದ ಒರೆಸಿಕೊಂಡು, ಅದೇ ಹೆಬ್ಬೆರಳನ್ನು ಅಲಗಿನ ಮೇಲೆ ಆಡಿಸಿ ನನ್ನ ಕೈಗೆ ಕೊಡಲು ಬಂದರು.

"ನನಗೆ ಬೇಕಾಗಿರೋದು ದುಪಟ್ಟಾ ಕತ್ತರಿಸೋಕೆ" ಅಂದೆ.

"ಯಾರ್ದು?" ಅಂದರು, ಮುಸಿಮುಸಿ ನಗುತ್ತಾ.

ನಾನು ಮೆಟ್ಟಿಲಿಳಿದು ಬಂದೆ. ಹೊರಗೆ ಬಂದ ಮೇಲೂ ಆ ಎಂಜಲು ನನ್ನ ಅಂಗೈಗೆ ಅಂಟಿದ ಹಾಗೆಯೇ ಅನ್ನಿಸಿ, ಎದುರಿನ ಜ್ಯೂಸ್ ಅಂಗಡಿಯಲ್ಲಿ ನೀರು ಕೇಳಿ ಕೈ ತೊಳೆದುಕೊಂಡೆ.

ಯಶವಂತಪುರದ ಮಾರುಕಟ್ಟೆಯ ಹಿಂದಿನ ಬೀದಿಯಲ್ಲಿ ಕುಡುಗೋಲು, ಈಳಿಗೆಮಣೆ, ಕತ್ತರಿ ಮಾರುವ ಸಾಲಿದೆ. ಭಾನುವಾರ ಅಲ್ಲಿಗೆ ಹೋದೆ. ಮನೆಯಿಂದ ಹಳೆಯ ದುಪಟ್ಟಾವೊಂದನ್ನು ಚೀಲದಲ್ಲಿ ತುರುಕಿಕೊಂಡಿದ್ದೆ. ಅಂಗಡಿಯವರು ಕೂತಲ್ಲಿಂದ ಏಳಲಿಲ್ಲ. ಬಿಸ್ಕತ್ತಿನ ಡಬ್ಬವೊಂದನ್ನು ಹಲಗೆಯ ಮೇಲೆ ಬೋರಲು ಹಾಕಿ, "ಎಲ್ಲಾ ಒಂದೇ ಕಣಮ್ಮ, ಯಾವ್ದು ಬೇಕೋ ತಗೊಳ್ಳಿ" ಎಂದು ಮತ್ತೆ ಮೊಬೈಲಿನೊಳಗೆ ಮುಳುಗಿದರು.

ಎಲ್ಲಾ ಒಂದೇ ಆಗಿರಲಿಲ್ಲ. ಮೊದಲನೆಯದನ್ನು ಬಿಡಿಸಿ ಒತ್ತಿದರೆ ನನ್ನ ಬೆರಳಿನ ಮೇಲೆಯೇ ಮಡಚಿಕೊಂಡಿತು. ಇನ್ನೊಂದರ ಸ್ಕ್ರೂ ಸಡಿಲ. ಚಂದದ ಮರದ ಹಿಡಿಯಿದ್ದ ಒಂದನ್ನು ಬಿಡಿಸಲು ಹೋದರೆ ಅಂಟಂಟಾಗಿ ತೆರೆದುಕೊಂಡಿತು. ಬೆಳಕಿಗೆ ಹಿಡಿದು ನೋಡಿದೆ. ಅಲಗಿನ ಬುಡದಲ್ಲಿ ಒಣಗಿದ ಮೀನಿನ ಪೊರೆ, ಅದರ ಜೊತೆ ಒಂದು ಗಿಡ್ಡ ಕೂದಲು.

"ಇದು ಯಾರೋ ಬಳಸಿದ್ದು ಕಣ್ರೀ!"

"ವಾಪಸ್ ಬಂದಿದ್ದು. ಒರೆಸ್ಕೊಂಡ್ರೆ ಹೊಸದೇ" ಅಂದರು, ತಲೆಯೆತ್ತದೆ.

ಎದ್ದು ಹೋಗಬೇಕೆಂದಿದ್ದೆ. ಡಬ್ಬದ ತಳದಲ್ಲಿ ಅಂಟಿಕೊಂಡಿದ್ದ ಒಂದು ಆಗ ಕಣ್ಣಿಗೆ ಬಿತ್ತು. ಬೆರಳುದ್ದದ ಅಲಗು, ಮೂತಿ ಮೊಂಡು, ಕಪ್ಪು ಹಿಡಿಯ ಮೇಲೆ ಒರಟು ಗೆರೆಗಳು. ಹೆಬ್ಬೆರಳಿಗೆಂದೇ ಅಲಗಿನ ಮೇಲೊಂದು ಗುಬುಟು. ಒತ್ತಿದೆ, ತೆರೆದುಕೊಂಡು ಟಕ್ ಎಂದು ನಿಂತಿತು. ದುಪಟ್ಟಾವನ್ನು ಹುರಿ ಮಾಡಿ, ಒಂದು ತುದಿಯನ್ನು ಕಾಲಲ್ಲಿ ಮೆಟ್ಟಿ ಎಳೆದು ಹಿಡಿದು ಅಲಗು ಹಾಯಿಸಿದೆ. ಸರ್ ಎಂದು ಹೋಯಿತು. ಅಂಗಡಿಯವರು ಈಗ ತಲೆಯೆತ್ತಿದರು.

"ಅದನ್ನ ಯಾರೂ ತಗೊಳ್ಳಲ್ಲಮ್ಮ. ಎಲ್ಲಾ ಮೂತಿ ನೋಡಿ ವಾಪಸ್ ಇಡ್ತಾರೆ. ಚುಚ್ಚೋಕಾಗಲ್ಲ ಅಂತ."

ಅದನ್ನೇ ತಂದೆ.

ಬ್ಯಾಗಿನಲ್ಲಿ ಚಾಕು ಇದೆಯೆಂದು ತಿಳಿದರೆ ಸಾಕು, ಜನರಿಗೆ ಅದು ಬೇಕೇ ಬೇಕು. ಪಾರ್ಟಿ ಕೇಳಿದ್ದ ಅದೇ ಲೆಕ್ಚರರ್ ಪಾರ್ಸೆಲ್ ಬಿಚ್ಚಬೇಕೆಂದು ಇಸಿದುಕೊಂಡರು. ನಾನು ಲ್ಯಾಬಿಗೆ ಹೋಗಿ ಬರುವಷ್ಟರಲ್ಲಿ, ಬಲಗಾಲನ್ನು ಎಡತೊಡೆಯ ಮೇಲೆ ಹಾಕಿಕೊಂಡು ಹೆಬ್ಬೆಟ್ಟಿನ ಉಗುರಿನ ಸಂದಿಯ ಕೊಳೆ ತೆಗೆಯುತ್ತಿದ್ದರು. ಕರೀ ಕೊಳೆ, ಮುದ್ದೆಯಾಗಿ ಪೇಪರಿನ ಮೇಲೆ ಬೀಳುತ್ತಿತ್ತು. ನನ್ನನ್ನು ಕಂಡು, ಒಂದಿಷ್ಟೂ ಸಂಕೋಚವಿಲ್ಲದೆ ಅಲಗನ್ನು ಪ್ಯಾಂಟಿಗೆ ಒರೆಸಿ ಮೇಜಿನ ಮೇಲಿದ್ದ ಸೀಬೆಹಣ್ಣು ಹೆಚ್ಚಿದರು. "ತಗೊಳ್ಳಿ ಮೇಡಂ, ಉಪ್ಪುಖಾರ ಇದೆ." ನಾನು ಚಾಕು ಕಿತ್ತುಕೊಂಡು ಬಂದು ಸ್ಪಿರಿಟ್ಟಿನಲ್ಲಿ ಅದ್ದಿಟ್ಟೆ. ಅಂದಿನಿಂದ ಯಾರು ಕೇಳಿದರೂ ಇಲ್ಲವೆಂದೇ ಹೇಳುತ್ತೇನೆ. ಜಿಪುಣಿ ಎಂಬ ಹೆಸರು ಬಂದಿದೆ, ಬರಲಿ.

ನಾವಿರುವುದು ಅಮೃತಹಳ್ಳಿಯಲ್ಲಿ, ಬಾಡಿಗೆಗೆ, ಮೊದಲನೇ ಮಹಡಿಯಲ್ಲಿ. ಕೆಳಗಿನ ಮನೆಯಲ್ಲಿ ಓನರ್ ಅಮ್ಮ ಇರುತ್ತಾರೆ, ಊರಿನ ಹಳೇ ಮನೆತನದವರು. ಮಳೆಗಾಲ ಮುಗಿಯುತ್ತಿದ್ದ ಹೊತ್ತು, ನಮ್ಮ ಗೇಟಿನ ಹತ್ತಿರ ಕೊಳೆತ ವಾಸನೆ ಬರತೊಡಗಿತು. ಇಲಿ ಸತ್ತಿರಬೇಕೆಂದು ಚರಂಡಿಯೆಲ್ಲಾ ನೋಡಿದೆವು. ಒಂದು ಬೆಳಿಗ್ಗೆ ಓನರ್ ಅಮ್ಮ ಮೆಟ್ಟಿಲ ಕೆಳಗಿಂದ ಕೂಗಿದರು.

"ಇಲಿ ಅಲ್ಲ ಕಣಮ್ಮ, ಬಾ ಇಲ್ಲಿ. ಆ ಕೆಂದನಾಯಿ ಕತ್ತು ನೋಡು. ಉಳ ಬಿದ್ದದೆ."

ಬೀದಿಯ ಕೆಂದು ನಾಯಿ, ಇನ್ನೂ ಎಳೆಯದು. ಮರಿಯಿದ್ದಾಗ ಯಾರೋ ಕಟ್ಟಿದ್ದ ನೈಲಾನ್ ಹಗ್ಗ ಕುತ್ತಿಗೆಯಲ್ಲೇ ಉಳಿದುಬಿಟ್ಟಿತ್ತು. ನಾಯಿ ಬೆಳೆದಿತ್ತು, ಹಗ್ಗ ಬೆಳೆದಿರಲಿಲ್ಲ. ಈಗ ಅದು ಚರ್ಮ ಸೀಳಿ ಮಾಂಸದೊಳಗೆ ಹೂತುಹೋಗಿತ್ತು. ಕೀವು ಎದೆಯವರೆಗೂ ಇಳಿದಿತ್ತು. ಪ್ರಾಣಿಗಳ ಆಂಬುಲೆನ್ಸ್‌ಗೆ ಫೋನ್ ಮಾಡಿದೆವು. ಬರ್ತೀವಿ ಅಂದರು. ಸಂಜೆಯಾದರೂ ಬರಲಿಲ್ಲ.

ಓನರ್ ಅಮ್ಮ ಮುದ್ದೆಯನ್ನು ಸಾರಿನಲ್ಲಿ ನೆನೆಸಿ ತಂದರು. ನಾಯಿ ತಿನ್ನುತ್ತಿದ್ದಾಗ ಗೋಣಿಚೀಲ ಹೊದಿಸಿ ಅದುಮಿ ಕೂತರು. "ನಾನು ಇಂಗೆ ಇಡ್ಕೊಂಡಿರ್ತೀನಿ. ನೀನು ಅಗ್ಗ ಕುಯ್ಯಿ. ಮುಖ ತಿರುಗಿಸ್ಕಬ್ಯಾಡ."

ಮುಖ ತಿರುಗಿಸದೆ ಕೂತೆ. ಮೊಂಡು ಮೂತಿಯನ್ನು ಹಗ್ಗದಡಿಗೆ ತೂರಿಸುವಾಗ ಬೆಚ್ಚನೆ ಕೀವು ನನ್ನ ಬೆರಳುಗಳ ಮೇಲೆ ಹರಿಯಿತು. ಬಿಳೀ ಹುಳುಗಳು ಅಲಗಿನ ಮೇಲೆ ಹತ್ತಿಕೊಂಡವು. ನಾಯಿ ಚೀಲದೊಳಗೆ ಮಗುವಿನ ಹಾಗೆ ಅತ್ತಿತು. ಅಲಗನ್ನು ಮೇಲ್ಮುಖ ಮಾಡಿ ಎಳೆದೆ, ಹಗ್ಗ ತುಂಡಾಯಿತು. ಇಕ್ಕಳದಿಂದ ಅದನ್ನು ಹೊರಗೆಳೆದರೆ ಜೊತೆಯಲ್ಲಿ ಒಂದು ಪುಟ್ಟ ಗೆಜ್ಜೆ ಬಂತು. ಮಾಂಸದೊಳಗಿಂದ, ಗೆಜ್ಜೆ.

"ಅಯ್ಯೋ, ಅದು ನಮ್ಮನೇದೇ ಮೇಡಂ!"

ಎದುರು ಮನೆಯ ಬಾಲ್ಕನಿಯಲ್ಲಿ ಯಜಮಾನರು ಕಾಫಿ ಲೋಟ ಹಿಡಿದು ನಿಂತಿದ್ದರು. ಮೊದಲಿನಿಂದಲೂ ನೋಡುತ್ತಿದ್ದರೇನೋ.

"ಹೋದ ಬೇಸಿಗೆ ರಜದಲ್ಲಿ ಮಕ್ಕಳಿಗೆ ಬೋರ್ ಆಗ್ತಿತ್ತು ಅಂತ ತಂದಿದ್ವಿ. ಸ್ಕೂಲ್ ಶುರುವಾಯ್ತು, ಟೈಲ್ಸ್ ಎಲ್ಲಾ ಗಲೀಜು ಮಾಡೋದು, ಆಚೆ ಬಿಟ್ಬಿಟ್ವಿ. ಹಗ್ಗ ಹಾಗೇ ಉಳ್ಕೊಂಡಿರ್ಬೇಕು."

"ದಿನಾ ನಿಮ್ಮ ಗೇಟಿನ ಮುಂದೇನೇ ಮಲಗ್ತಿತ್ತಲ್ಲಾ. ಕಾಣಲಿಲ್ವಾ?" ಅಂದೆ.

"ವಾಸನೆ ಬರ್ತಿತ್ತು ಮೇಡಂ, ಅದಕ್ಕೇ ಹತ್ರ ಹೋಗಲಿಲ್ಲ. ನೀವು ಕೈ ಚೆನ್ನಾಗಿ ತೊಳ್ಕೊಳ್ಳಿ, ಇನ್ಫೆಕ್ಷನ್ ಆಗತ್ತೆ."

ಓನರ್ ಅಮ್ಮ ಥೂ ಎಂದು ನೆಲಕ್ಕೆ ಉಗಿದರು. "ನಿನ್ ಕತ್ತಿಗೆ ಕಟ್ಟಬೇಕಾಗಿತ್ತು ಕಣಯ್ಯ ಅದ್ನ" ಅಂದರು, ಅವರಿಗೆ ಕೇಳಿಸುವ ಹಾಗೆಯೇ. ಎದುರು ಮನೆಯವರು ಲೋಟ ತೆಗೆದುಕೊಂಡು ಒಳಗೆ ಹೋದರು.

ಆಟೋದಲ್ಲಿ ಹಾಕಿಕೊಂಡು ಸಹಕಾರನಗರದ ಪಶುವೈದ್ಯರ ಹತ್ತಿರ ಹೋದೆವು. ಅವರು ಗಾಯ ತೊಳೆದು ಇಂಜೆಕ್ಷನ್ ಕೊಟ್ಟರು. ಮನೆಗೆ ಬಂದು ಚಾಕುವನ್ನು ಕುದಿಯುವ ನೀರಿಗೆ ಹಾಕಿದೆ, ಸೋಪು ಹಚ್ಚಿದೆ, ಸ್ಪಿರಿಟ್ಟಿನಲ್ಲಿ ಅದ್ದಿದೆ. ವಾಸನೆ ಹೋಗಲಿಲ್ಲ. ಗಂಡ ಫ್ಯಾಕ್ಟರಿಯಿಂದ ಬಂದವರು ವಿಷಯ ಕೇಳಿ ಸ್ಕ್ರೂ ಬಿಚ್ಚಿ, ಬಿಡಿಬಿಡಿ ಮಾಡಿ, ಹಳೇ ಬ್ರಷ್ಷಿನಿಂದ ಸಂದಿಗೊಂದಿಯೆಲ್ಲಾ ಉಜ್ಜಿದರು. ಮತ್ತೆ ಜೋಡಿಸಿ ಒಂದು ಹನಿ ಎಣ್ಣೆ ಬಿಟ್ಟು ನನ್ನ ಬ್ಯಾಗಿನ ಪಕ್ಕದಲ್ಲಿಟ್ಟರು. "ಇದರಿಂದ ತಿನ್ನೂದು ಏನೂ ಹೆಚ್ಚಬ್ಯಾಡ" ಅಂದರು, ಅಷ್ಟೇ.

ಗಾಯ ಮಾಯಲು ತಿಂಗಳ ಮೇಲೆ ಹಿಡಿಯಿತು. ನಾಯಿ ಈಗ ಮೈ ತುಂಬಿಕೊಂಡಿದೆ, ಕತ್ತಿನ ಸುತ್ತ ಮಾತ್ರ ಕೂದಲು ಬರಲಿಲ್ಲ. ನನ್ನನ್ನು ಕಂಡರೆ ಬಾಲ ಮುದುರಿಕೊಂಡು ರಸ್ತೆಯ ಆಚೆ ಬದಿಗೆ ಹೋಗುತ್ತದೆ. ಅದು ನನಗೆ ಅರ್ಥವಾಗುತ್ತದೆ, ನೋಯಿಸಿದ ಕೈ ನನ್ನದು. ಆದರೆ ಬೆಳಿಗ್ಗೆ ಎದುರು ಮನೆಯವರು ಗೇಟು ತೆರೆದು ಕಾರು ಹೊರಗೆ ತೆಗೆಯುವ ಹೊತ್ತಿಗೆ ಎಲ್ಲಿದ್ದರೂ ಓಡಿ ಬರುತ್ತದೆ, ಮೈಯೆಲ್ಲಾ ಬಳುಕಿಸಿ ಬಾಲ ಅಲ್ಲಾಡಿಸುತ್ತದೆ. ಪ್ಯಾಂಟು ಗಲೀಜಾಗುತ್ತದೆಂದು ಅವರು ಬೂಟಿನ ತುದಿಯಿಂದ ಅದನ್ನು ಅತ್ತ ಸರಿಸುತ್ತಾರೆ. ಅದು ಮತ್ತೆ ಬರುತ್ತದೆ.

"ಗುಡ್ ಮಾರ್ನಿಂಗ್ ಮೇಡಂ, ಆರಾಮಾ?" ಎನ್ನುತ್ತಾರೆ ನನಗೆ.

ನಾನು ಚಾಕು ಇರುವ ಬ್ಯಾಗನ್ನು ಹೆಗಲಿಗೇರಿಸಿಕೊಳ್ಳುತ್ತೇನೆ. ಬಸ್‌ಸ್ಟಾಪ್ ಕಡೆ ನಡೆಯುತ್ತೇನೆ.